ಊರಿನ ಗೆರೆ ಎಳೆದವರು ಯಾರು?

ಕಳೆದ ತಿಂಗಳು ನಮ್ಮ ಶಾಲೆಯ ವಸ್ತುಪ್ರದರ್ಶನದಲ್ಲಿ ನಾನೊಂದು ತಪ್ಪು ಮಾಡಿದೆ. ಬೀಕರು ಒಡೆದಂಥ ತಪ್ಪಲ್ಲ. ಬಹುಮಾನ ಕೊಡುವುದರಲ್ಲಿ ಮಾಡಿದ ತಪ್ಪು. ಬೀಕರಾದರೆ ಮತ್ತೊಂದು ತರಿಸಬಹುದು. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವನಿಗೆ ಇಂಥದೊಂದು ತಪ್ಪಾದರೆ ರಾತ್ರಿ ನಿದ್ದೆ ಬರುವುದಿಲ್ಲ.

ಆದದ್ದಿಷ್ಟು. ಸಮಾಜ ಪಾಠದ ಮೇಷ್ಟರು ರಜೆಯಲ್ಲಿದ್ದುದರಿಂದ ಅವರ ವಿಭಾಗದ ಚಾರ್ಟುಗಳ ತೀರ್ಪೂ ನನ್ನ ತಲೆಗೇ ಬಂತು. ವಿಷಯ ‘ಜಗತ್ತಿನ ನಗರಗಳು’. ದೆಹಲಿ, ಲಂಡನ್, ಟೋಕಿಯೊ ಎಂದು ಬಹಳ ಮಕ್ಕಳು ಬರೆದಿದ್ದರು. ಒಂಬತ್ತನೇ ತರಗತಿಯ ಇಬ್ಬರು ಮಾತ್ರ ಬೇರೆ ದಾರಿ ಹಿಡಿದಿದ್ದರು. ಹುಡುಗನ ಚಿಕ್ಕಪ್ಪ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿದ್ದಾರೆ. ಹುಡುಗಿಯ ಅಕ್ಕ-ಭಾವ ಪಿಟ್ಸ್‌ಬರ್ಗ್‌ನಲ್ಲಿದ್ದಾರೆ. ಇಬ್ಬರೂ ಫೋನು ಮಾಡಿ ಕೇಳಿ, ಓದಿ, ತಮ್ಮ ತಮ್ಮ ಊರಿನ ನೋಡತಕ್ಕ ಸ್ಥಳಗಳ ಪಟ್ಟಿ ಮಾಡಿದ್ದರು. ಅಕ್ಷರ ಇಬ್ಬರದೂ ಸ್ವಂತದ್ದೇ. (ಚಾರ್ಟನ್ನು ಅಪ್ಪ ಬರೆದಿದ್ದರೆ ಮೇಷ್ಟರಿಗೆ ಗೊತ್ತಾಗುವುದಿಲ್ಲ ಎಂದು ತಿಳಿದಿರುವ ಪೋಷಕರು ದಯವಿಟ್ಟು ಆ ಭ್ರಮೆ ಬಿಡಬೇಕು.)

ಹುಡುಗನ ಪಟ್ಟಿಯಲ್ಲಿ 12 ಸ್ಥಳಗಳಿದ್ದವು, ಹುಡುಗಿಯದರಲ್ಲಿ 9. ಚಿತ್ರಗಳು ಎರಡರಲ್ಲೂ ಚೆನ್ನಾಗಿದ್ದವು. ಬೇರೆ ಚಾರ್ಟುಗಳೂ ಕಾಯುತ್ತಿದ್ದವು. ನಾನು ಎಣಿಸಿದೆ, 12 ದೊಡ್ಡದು ಎಂದೆ, ಮೊದಲ ಬಹುಮಾನ ಹುಡುಗನಿಗೆ ಬರೆದೆ.

ಮಾರನೆಯ ದಿನ ಹುಡುಗಿ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲೊಂದು ಭೂಪಟ.

“ಸರ್, ಅವನ ಪಟ್ಟಿಯಲ್ಲಿ ನಾಲ್ಕು ಸ್ಥಳ ಸೇಂಟ್ ಲೂಯಿಸ್ ಊರಿನೊಳಗೇ ಇಲ್ಲ. ಒಂದಂತೂ ಬೇರೆ ರಾಜ್ಯದಲ್ಲಿದೆ. ಹಾಗೆ ಹೊರಗಿನದ್ದೆಲ್ಲ ಸೇರಿಸಬಹುದು ಅಂದಿದ್ದರೆ ನಾನೂ ಸೇರಿಸುತ್ತಿದ್ದೆ. ಊರಿನೊಳಗಿನದು ಮಾತ್ರ ಅಂತ ನಾನೇ ಎರಡು ಬಿಟ್ಟೆ.”

ನಾನು ಭೂಪಟ ನೋಡಿದೆ. ಅವಳು ಹೇಳಿದ್ದು ನಿಜ.

ಎಂಟನೇ ತರಗತಿಯಲ್ಲಿ ಪ್ರತಿ ವರ್ಷವೂ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಕಬ್ಬಿಣ ಭಾರವೋ ಹತ್ತಿ ಭಾರವೋ? ಮಕ್ಕಳು ಕಬ್ಬಿಣ ಎಂದು ಕೂಗುತ್ತಾರೆ. ಎಷ್ಟು ಕಬ್ಬಿಣ, ಎಷ್ಟು ಹತ್ತಿ ಎಂದು ಕೇಳಿದ ಮೇಲೆ ಸುಮ್ಮನಾಗುತ್ತಾರೆ. ಗಾತ್ರ ಗೊತ್ತಿಲ್ಲದೆ ತೂಕ ಹೋಲಿಸಬಾರದು ಎಂದು ಬೋರ್ಡಿನ ಮೇಲೆ ಬರೆಸುವ ನಾನೇ ಊರಿನ ಎಲ್ಲೆ ಯಾವುದೆಂದು ಕೇಳದೆ ಊರುಗಳನ್ನು ತೂಗಿದ್ದೆ. ಸರಿ, ಹುಡುಗನನ್ನೂ ಕರೆಸಿದೆ. ಮೂವರೂ ಮೇಜಿನ ಮೇಲೆ ಭೂಪಟ ಹರಡಿ ಕುಳಿತೆವು. ನಾನು ಅಮೆರಿಕಕ್ಕೆ ಹೋದವನಲ್ಲ; ನನ್ನ ಪ್ರವಾಸವೆಲ್ಲ ಅಟ್ಲಾಸಿನಲ್ಲೇ. ಆದರೆ ಆ ವಾರ ಕಲಿತದ್ದನ್ನು ನಿಮಗೂ ಹೇಳಬೇಕೆನಿಸಿದೆ.

ಮೊದಲಿಗೆ ಒಂದು ಸ್ವಾರಸ್ಯ. ಈ ಎರಡು ಊರುಗಳನ್ನು ಹೋಲಿಸಬೇಕೆಂದು ಯಾರಾದರೂ ಹುಡುಕಿದ್ದರೂ ಇಷ್ಟು ಒಳ್ಳೆಯ ಜೋಡಿ ಸಿಗುತ್ತಿರಲಿಲ್ಲ. 2020ರ ಜನಗಣತಿಯಲ್ಲಿ ಸೇಂಟ್ ಲೂಯಿಸ್‌ನ ಜನಸಂಖ್ಯೆ 3,01,578. ಪಿಟ್ಸ್‌ಬರ್ಗ್‌ನದು 3,02,971. ವ್ಯತ್ಯಾಸ ಒಂದೂವರೆ ಸಾವಿರವೂ ಇಲ್ಲ. ನೆಲದ ವಿಸ್ತೀರ್ಣ ಒಂದರದು ಸುಮಾರು 160 ಚದರ ಕಿ.ಮೀ., ಇನ್ನೊಂದರದು ಸುಮಾರು 143. ಎರಡೂ ನದಿಯ ದಡದ ಊರುಗಳು. ಎರಡೂ ಒಂದು ಕಾಲದಲ್ಲಿ ಇನ್ನೂ ದೊಡ್ಡದಾಗಿದ್ದವು: 1950ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಎಂಟೂವರೆ ಲಕ್ಷ ಜನ, ಪಿಟ್ಸ್‌ಬರ್ಗ್‌ನಲ್ಲಿ ಆರೂಮುಕ್ಕಾಲು ಲಕ್ಷ ಜನ ಇದ್ದರು. ಪ್ರಯೋಗದಲ್ಲಿ ಒಂದು ಅಂಶ ಬಿಟ್ಟು ಉಳಿದದ್ದೆಲ್ಲ ಸಮನಾಗಿರಬೇಕು ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆಯೇ.

ಈಗ ಹುಡುಗನ ಪಟ್ಟಿ. ಎಲ್ಲಕ್ಕಿಂತ ಮೇಲೆ ಅವನು ಬರೆದಿದ್ದುದು ಮಿಸಿಸಿಪ್ಪಿ ನದಿಯ ದಡದ ಗೇಟ್‌ವೇ ಆರ್ಚ್. ಅದು ಸರಿಯಾದ ಆಯ್ಕೆಯೇ. ತುಕ್ಕು ಹಿಡಿಯದ ಉಕ್ಕಿನ ಕಮಾನು. ಎತ್ತರ 630 ಅಡಿ, ಎರಡು ಕಾಲುಗಳ ನಡುವಿನ ಅಗಲವೂ 630 ಅಡಿ. ನೋಡಿದವರಿಗೆ ಎತ್ತರವೇ ಹೆಚ್ಚೆಂದು ಕಾಣುತ್ತದಂತೆ, ಕಣ್ಣಿನ ಮೋಸ. ಅದರ ಆಕಾರ ತಿಳಿಯಬೇಕಾದರೆ ಮನೆಯಲ್ಲಿ ಒಂದು ಸರಪಳಿಯ ಎರಡೂ ತುದಿ ಹಿಡಿದು ಜೋತುಬಿಡಿ. ಅದನ್ನು ಮನಸ್ಸಿನಲ್ಲೇ ತಲೆಕೆಳಗು ಮಾಡಿ. ಸರಪಳಿಯ ಕೊಂಡಿಗಳು ಒಂದನ್ನೊಂದು ಎಳೆಯುತ್ತವೆ. ತಲೆಕೆಳಗಾದ ಕಮಾನಿನ ತುಂಡುಗಳು ಅದೇ ದಿಕ್ಕಿನಲ್ಲಿ ಒಂದನ್ನೊಂದು ಒತ್ತುತ್ತವೆ. ಆರ್ಚಿನ ಕಾಲುಗಳು ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ. ಆದ್ದರಿಂದ ಸರಿಯಾದ ಹೋಲಿಕೆ ಬೇಕೆಂದರೆ ಸರಪಳಿಯೂ ಎರಡು ತುದಿಗಳಲ್ಲಿ ಭಾರವಾಗಿ ನಡುವೆ ಹಗುರವಾಗಿರಬೇಕು.

ಇದರ ವಾಸ್ತುಶಿಲ್ಪಿ ಈರೊ ಸಾರಿನೆನ್ 1961ರಲ್ಲೇ ತೀರಿಕೊಂಡರು. ಕಮಾನು ಕೂಡಿದ್ದನ್ನು ಅವರು ನೋಡಲಿಲ್ಲ. 1965ರ ಅಕ್ಟೋಬರ್ 28ರಂದು ಕೊನೆಯ ತುಂಡನ್ನು ಕೂರಿಸುವಾಗ ನಡೆದದ್ದನ್ನು ನಾನು ಶಾಖದ ಪಾಠದಲ್ಲಿ ಇನ್ನು ಮುಂದೆ ಪ್ರತಿ ವರ್ಷ ಹೇಳುವವನಿದ್ದೇನೆ. ಬಿಸಿಲಿಗೆ ದಕ್ಷಿಣದ ಕಾಲು ಹಿಗ್ಗಿ, ಎರಡು ತುದಿಗಳು ನೇರಕ್ಕೆ ಬರದೆ ಹೋಗುವ ಭಯವಿತ್ತು. ಅಗ್ನಿಶಾಮಕ ದಳದವರು ಕೊಳವೆ ಹಿಡಿದು ಆ ಕಾಲಿಗೆ ನೀರು ಹೊಡೆದು ತಣ್ಣಗಿಟ್ಟರು! ಜ್ಯಾಕ್‌ಗಳಿಂದ ಎರಡು ಕಾಲುಗಳನ್ನು ಅಗಲಿಸಿ ತುಂಡನ್ನು ನಡುವೆ ಇಳಿಸಿದರು. ಬಂಡಿಯ ಮರದ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವುದನ್ನು ಅಜ್ಜಂದಿರು ನೋಡಿರುತ್ತಾರೆ. ತತ್ತ್ವ ಅದೇ, ಅಲ್ಲಿ ಬೆಂಕಿ, ಇಲ್ಲಿ ನೀರು.

ಆರ್ಚನ್ನು ಬಿಟ್ಟರೆ ಹುಡುಗನ ಪಟ್ಟಿಯ ತೂಕವೆಲ್ಲ ಒಂದು ಉದ್ಯಾನದಲ್ಲಿದೆ. ಅದು ಫಾರೆಸ್ಟ್ ಪಾರ್ಕ್, ಸುಮಾರು 1,300 ಎಕರೆ. 1904ರಲ್ಲಿ ಅಲ್ಲಿ ಜಾಗತಿಕ ವಸ್ತುಪ್ರದರ್ಶನ ನಡೆಯಿತು. ಪ್ರದರ್ಶನ ಮುಗಿದ ಮೇಲೆ ಬಹುತೇಕ ಕಟ್ಟಡಗಳನ್ನು ಕೆಡವಿದರು. ಕಲಾ ಸಂಗ್ರಹಾಲಯದ ಕಟ್ಟಡ ಉಳಿಯಿತು. ಸ್ಮಿತ್ಸೋನಿಯನ್ ಸಂಸ್ಥೆ ಹಕ್ಕಿಗಳಿಗಾಗಿ ಕಟ್ಟಿದ್ದ 228 ಅಡಿ ಉದ್ದದ ಭಾರಿ ಪಂಜರವೂ ಉಳಿಯಿತು. ಅದನ್ನು ವಾಷಿಂಗ್ಟನ್ನಿಗೆ ಸಾಗಿಸುವ ಯೋಚನೆಯಿತ್ತು. ಊರಿನವರು ಬಿಡಲಿಲ್ಲ, ನಗರಾಡಳಿತ 3,500 ಡಾಲರಿಗೆ ಕೊಂಡಿತು. ಇಂದಿನ ಮೃಗಾಲಯ ಆ ಪಂಜರದ ಸುತ್ತ ಬೆಳೆದದ್ದು. ಕಲಾ ಸಂಗ್ರಹಾಲಯಕ್ಕೂ ಮೃಗಾಲಯಕ್ಕೂ ಪ್ರವೇಶ ಉಚಿತ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಇತಿಹಾಸ ಸಂಗ್ರಹಾಲಯವೂ ಅಲ್ಲೇ. ಡಮರುವಿನ ಹಾಗೆ ನಡು ಸಣ್ಣಗಾದ 1963ರ ತಾರಾಲಯವೂ ಅದನ್ನು ಸೇರಿಕೊಂಡ ವಿಜ್ಞಾನ ಕೇಂದ್ರವೂ ಅಲ್ಲೇ. ಸ್ವಲ್ಪ ದೂರದಲ್ಲಿ 1859ರ ಸಸ್ಯೋದ್ಯಾನ, ಅದರಲ್ಲಿ ತ್ರಿಕೋನಗಳನ್ನು ಜೋಡಿಸಿ ಕಟ್ಟಿದ ಗುಮ್ಮಟದ ಹಸಿರುಮನೆ. ಹಳೆಯ ಪಾದರಕ್ಷೆ ಕಂಪನಿಯ ಕಟ್ಟಡದಲ್ಲಿ ಮಕ್ಕಳು ಹತ್ತಿ ಜಾರಿ ತೂರುವ ‘ಸಿಟಿ ಮ್ಯೂಸಿಯಂ’. ಹಳೆಯ ರೈಲು ನಿಲ್ದಾಣದೊಳಗೆ 2019ರಲ್ಲಿ ತೆರೆದ ಮತ್ಸ್ಯಾಲಯ. ಒಟ್ಟು ಎಂಟು.

ಉಳಿದ ನಾಲ್ಕು? ಸಿಕ್ಸ್ ಫ್ಲ್ಯಾಗ್ಸ್ ಎಂಬ ಆಟದ ಉದ್ಯಾನ ಸುಮಾರು 50 ಕಿ.ಮೀ. ದೂರದ ಯುರೇಕಾದಲ್ಲಿದೆ. ಪ್ರಾಣಿಗಳಿರುವ ಗ್ರ್ಯಾಂಟ್ಸ್ ಫಾರ್ಮ್ ಮತ್ತು ಮಕ್ಕಳ ‘ಮ್ಯಾಜಿಕ್ ಹೌಸ್’ ಎರಡೂ ನಗರದ ಹೊರಗೆ, ಕೌಂಟಿಯಲ್ಲಿವೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂತೆ ಎಂದಿಟ್ಟುಕೊಳ್ಳಿ. ನಾಲ್ಕನೆಯದು ಕಹೋಕಿಯಾದ ಮಣ್ಣಿನ ದಿಬ್ಬಗಳು. ಯುರೋಪಿನವರು ಕಾಲಿಡುವ ಶತಮಾನಗಳ ಮೊದಲೇ ಮೂಲನಿವಾಸಿಗಳು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ದಿಬ್ಬಗಳವು. ದೊಡ್ಡದರ ಎತ್ತರ ಸುಮಾರು 100 ಅಡಿ. 1982ರಿಂದ ವಿಶ್ವ ಪರಂಪರೆಯ ತಾಣ. ನನ್ನ ಮನಸ್ಸಿಗೆ ಪಟ್ಟಿಯಲ್ಲೆಲ್ಲ ಇದೇ ಹೆಚ್ಚಿನದು. ಆದರೆ ಅದು ನದಿಯಾಚೆ, ಇಲಿನಾಯ್ ರಾಜ್ಯದಲ್ಲಿದೆ. ಏನು ಮಾಡುವುದು, ಹೊಡೆದುಹಾಕಿದೆವು.

ಹುಡುಗಿಯ ಪಟ್ಟಿಗೆ ಬಂದೆವು. ಪಿಟ್ಸ್‌ಬರ್ಗ್‌ನಲ್ಲಿ ಅಲೆಘೆನಿ ಮತ್ತು ಮನಾಂಗಹೇಲ ನದಿಗಳು ಕೂಡಿ ಒಹಾಯೊ ನದಿಯಾಗುತ್ತವೆ. ಸಂಗಮದಲ್ಲೊಂದು ಉದ್ಯಾನ. ಎದುರಿಗೆ ಕಡಿದಾದ ಗುಡ್ಡ. ಅದರ ಮೇಲೆ ಮನೆಗಳು, ಕೆಳಗೆ ಆಗಿನ ಉಕ್ಕಿನ ಕಾರ್ಖಾನೆಗಳು. ಕೆಲಸಗಾರರು ದಿನಾ ಹತ್ತಿ ಇಳಿಯಲೆಂದು ಇಳಿಜಾರಿನ ರೈಲುಗಳನ್ನು ಮಾಡಿದರು. 1870ರ ಒಂದು, 1877ರ ಇನ್ನೊಂದು ಇವತ್ತಿಗೂ ಓಡುತ್ತಿವೆ. ಎರಡು ಡಬ್ಬಿಗಳನ್ನು ಹಗ್ಗದಿಂದ ಕಟ್ಟಿರುತ್ತಾರೆ. ಒಂದು ಇಳಿಯುವಾಗ ಅದರ ಭಾರವೇ ಇನ್ನೊಂದನ್ನು ಎಳೆಯುತ್ತದೆ. ಯಂತ್ರ ಎಳೆಯಬೇಕಾದದ್ದು ಎರಡರ ನಡುವಿನ ವ್ಯತ್ಯಾಸವನ್ನು, ಮತ್ತು ಘರ್ಷಣೆಯನ್ನು ಮಾತ್ರ. ಬಾವಿಯ ರಾಟೆಗೆ ಎರಡೂ ಕಡೆ ಕೊಡ ಕಟ್ಟಿದಂತೆ. ಡ್ಯೂಕೇನ್ ಎಂಬ ಎರಡನೆಯ ಹಳಿಯ ಉದ್ದ ಸುಮಾರು 800 ಅಡಿ, ಏರುವ ಎತ್ತರ ಸುಮಾರು 400 ಅಡಿ. ಅಂದರೆ ಇಳಿಜಾರಿನ ಕೋನ ಎಷ್ಟು? ತ್ರಿಕೋನಮಿತಿ ಕಲಿತ ಹತ್ತನೆಯವರು ಬಾಯಲ್ಲೇ ಹೇಳಬೇಕು.

ಮಿಕ್ಕವು: ಡಿಪ್ಲೊಡೋಕಸ್ ಎಂಬ ಡೈನೊಸಾರಿನ ಮೂಳೆಗಳಿರುವ ಕಾರ್ನೆಗಿ ಸಂಗ್ರಹಾಲಯ; 1893ರ ಫಿಪ್ಸ್ ಗಾಜಿನ ಸಸ್ಯಗೃಹ; ಮೃಗಾಲಯ; ವಿಶ್ವವಿದ್ಯಾಲಯದ 42 ಅಂತಸ್ತಿನ ಗೋಪುರ. ಈ ಗೋಪುರದಲ್ಲಿ ಒಂದೊಂದು ದೇಶದ ಶೈಲಿಯಲ್ಲಿ ಒಂದೊಂದು ತರಗತಿ ಕೊಠಡಿಯಿದೆ. ಭಾರತದ ಕೊಠಡಿ 2000ದಲ್ಲಿ ಆಯಿತು, ನಾಲಂದದ ಮಾದರಿಯಲ್ಲಿ. ಅಲ್ಲಿ ನಿಜವಾಗಿಯೂ ಪಾಠ ನಡೆಯುತ್ತದೆ ಎನ್ನುವುದು ನನಗೆ ಬಹಳ ಹಿಡಿಸಿತು. ಇಷ್ಟಕ್ಕೆ ಆರಾಯಿತು. ಇನ್ನು ಮೂರು ನದಿಯ ಉತ್ತರ ದಡದಲ್ಲಿವೆ: ಜಲಾಂತರ್ಗಾಮಿ ಹಡಗೊಂದನ್ನು ಕಟ್ಟಿಹಾಕಿಕೊಂಡಿರುವ ವಿಜ್ಞಾನ ಕೇಂದ್ರ, ರಾಷ್ಟ್ರೀಯ ಪಕ್ಷಿಗೃಹ, ಚಿತ್ರಕಾರ ಆಂಡಿ ವಾರ್ಹಾಲ್‌ನ ಸಂಗ್ರಹಾಲಯ.

ಅವಳು ತಾನಾಗಿ ಬಿಟ್ಟಿದ್ದ ಎರಡು ಯಾವುವು? ಒಂದು, ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. 1970ರ ದಶಕದಲ್ಲಿ ತಿರುಪತಿಯ ಮಾದರಿಯಲ್ಲಿ ಕಟ್ಟಿದ್ದು. ನಮ್ಮ ಕನ್ನಡದವರೂ ಬಹಳ ಹೋಗುತ್ತಾರೆ. ಅವಳ ಅಕ್ಕ ಫೋನಿನಲ್ಲಿ ಮೊದಲು ಹೇಳಿದ್ದೇ ಇದನ್ನು. ಎರಡನೆಯದು 1898ರ ಕೆನಿವುಡ್ ಆಟದ ಉದ್ಯಾನ. ಅಲ್ಲಿ ‘ರೇಸರ್’ ಎಂಬ 1927ರ ಮರದ ರೈಲೊಂದಿದೆ. ಎರಡು ರೈಲು ಅಕ್ಕಪಕ್ಕ ಸ್ಪರ್ಧೆಯಂತೆ ಓಡುತ್ತವೆ. ಎಡಗಡೆಯಿಂದ ಹೊರಟದ್ದು ವಾಪಸು ಬರುವುದು ಬಲಗಡೆಗೆ! ಹಳಿ ಎರಡಲ್ಲ, ಒಂದೇ. ಕಾಗದದ ಪಟ್ಟಿಯನ್ನು ಒಮ್ಮೆ ತಿರುಚಿ ತುದಿಗಳನ್ನು ಅಂಟಿಸಿದರೆ ಮೋಬಿಯಸ್ ಪಟ್ಟಿಯಾಗುತ್ತದಲ್ಲ, ಆ ಉಪಾಯ. ಇಂಥದ್ದನ್ನು ಪಟ್ಟಿಯಿಂದ ಬಿಡುವುದೆಂದರೆ ನನಗೇ ಹೊಟ್ಟೆ ಉರಿಯಿತು. ಆದರೆ ಕೆನಿವುಡ್ ಇರುವುದು ವೆಸ್ಟ್ ಮಿಫ್ಲಿನ್ ಎಂಬ ಬೇರೆ ಊರಿನಲ್ಲಿ. ಹುಡುಗಿ ಬಿಟ್ಟಿದ್ದಳು. ಬಿಟ್ಟದ್ದಕ್ಕೆ ನಾನು ಅವಳಿಗೆ ಎರಡನೇ ಬಹುಮಾನ ಕೊಟ್ಟಿದ್ದೆ.

ಎಂಟು, ಒಂಬತ್ತು. ಲೆಕ್ಕ ಮುಗಿಯಿತು, ಮೊದಲ ಬಹುಮಾನ ಹುಡುಗಿಗೆ ಎಂದೆ. ಆಗ ಹುಡುಗ ಕೇಳಿದ: “ಸರ್, ಆ ಗೆರೆ ಯಾರು ಎಳೆದಿದ್ದು?”

ಸೋತವನು ಅಂಪೈರನ್ನು ಕೇಳುವ ಪ್ರಶ್ನೆಯಂತೆ ಕೇಳಿಸಿತು. ಆದರೆ ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಎರಡು ದಿನ ಬೇಕಾಯಿತು.

ಸೇಂಟ್ ಲೂಯಿಸ್‌ನ ಗೆರೆ 1876ರದು. ಆಗ ನಗರ ಶ್ರೀಮಂತವಾಗಿತ್ತು; ಸುತ್ತಲ ಕೌಂಟಿ ಹೊಲಗದ್ದೆಗಳ ನಾಡು. ನಮ್ಮ ತೆರಿಗೆ ಹಣ ಹಳ್ಳಿಗಳ ಪಾಲಾಗುವುದೇಕೆ ಎಂದು ನಗರದವರು ಕೌಂಟಿಯಿಂದ ಬೇರೆಯಾದರು. ಹಾಗೆ ಪಾಲಾಗುವಾಗ ತಮ್ಮ ಎಲ್ಲೆಯನ್ನು ಪಶ್ಚಿಮಕ್ಕೆ ಸರಿಸಿ, ಅದೇ ವರ್ಷ ತೆರೆದಿದ್ದ ಫಾರೆಸ್ಟ್ ಪಾರ್ಕನ್ನೂ ಒಳಗೆ ಹಾಕಿಕೊಂಡರು. ಅಣ್ಣತಮ್ಮಂದಿರ ಪಾಲಿನಲ್ಲಿ ಮಾವಿನ ತೋಪನ್ನು ಜಾಣ ಅಣ್ಣ ತನ್ನ ಕಡೆಗೆ ಬರೆಸಿಕೊಂಡಂತೆ. ಹುಡುಗನ ಎಂಟರಲ್ಲಿ ನಾಲ್ಕು ಬಂದದ್ದು ಈ ಜಾಣತನದಿಂದ. ಅಲ್ಲಿಂದ ಈಚೆಗೆ ಆ ಗೆರೆ ಅಲುಗಿಲ್ಲ. ಮುಂದೆ ಜನ ಗೆರೆಯಾಚೆ ಮನೆ ಕಟ್ಟಿಕೊಂಡು ಹೋದರು. 2020ರಲ್ಲಿ ಕೌಂಟಿಯಲ್ಲಿ ಹತ್ತು ಲಕ್ಷ ಜನ, ನಗರದಲ್ಲಿ ಮೂರು ಲಕ್ಷ. ಯಾರನ್ನು ಹೊರೆ ಎಂದು ಕಳಚಿಕೊಂಡರೋ ಅವರೇ ಮೂರು ಪಟ್ಟು ಬೆಳೆದರು.

ಪಿಟ್ಸ್‌ಬರ್ಗ್‌ನದು ತಿರುಗುಮುರುಗು ಕಥೆ. ನದಿಯ ಉತ್ತರ ದಡದಲ್ಲಿ ಅಲೆಘೆನಿ ಎಂಬ ಬೇರೆಯೇ ನಗರವಿತ್ತು. 1900ರಲ್ಲಿ ಅದರ ಜನಸಂಖ್ಯೆ ಸುಮಾರು 1,30,000. ಪಿಟ್ಸ್‌ಬರ್ಗ್ ಅದನ್ನು ಸೇರಿಸಿಕೊಳ್ಳಬೇಕೆಂದಿತು. ಮತದಾನವಾಯಿತು. ಆದರೆ ಎರಡೂ ಊರಿನ ಮತಗಳನ್ನು ಒಟ್ಟಿಗೆ ಎಣಿಸಬೇಕೆಂದು ರಾಜ್ಯ ಕಾನೂನು ಮಾಡಿತ್ತು. ಅಲೆಘೆನಿಯ ಜನ ಬೇಡವೆಂದು ದೊಡ್ಡ ಬಹುಮತದಿಂದ ಹೇಳಿದರೂ ದೊಡ್ಡ ಊರಿನ ಮತದಲ್ಲಿ ಅದು ಮುಳುಗಿಹೋಯಿತು. ಅವರು ಸುಪ್ರೀಂ ಕೋರ್ಟಿಗೂ ಹೋದರು. 1907ರಲ್ಲಿ ಕೋರ್ಟು, ಊರುಗಳ ಎಲ್ಲೆ ನಿರ್ಧರಿಸುವುದು ರಾಜ್ಯದ ಅಧಿಕಾರ ಎಂದುಬಿಟ್ಟಿತು. ಅಲೆಘೆನಿ ನಗರ ಭೂಪಟದಿಂದ ಅಳಿಸಿಹೋಯಿತು.

ಹುಡುಗಿ ತನ್ನ ಪಟ್ಟಿ ನೋಡಿದಳು. ವಿಜ್ಞಾನ ಕೇಂದ್ರ, ಪಕ್ಷಿಗೃಹ, ವಾರ್ಹಾಲ್ ಸಂಗ್ರಹಾಲಯ — ಮೂರೂ ಇಂದು ನಿಂತಿರುವುದು ಆ ಅಳಿಸಿಹೋದ ಊರಿನ ನೆಲದ ಮೇಲೆ. “ಹಾಗಾದರೆ ನನ್ನದು ಆರೇ, ಸರ್” ಎಂದಳು. ಯಾರೂ ಕೇಳದೆ ಅವಳೇ ಹೇಳಿದ್ದು.

ಗೆರೆಯ ಆಟ ಇನ್ನೂ ತಮಾಷೆಯಾಗಿ ಕಾಣಬೇಕಾದರೆ ಇಂಡಿಯಾನಾಪೊಲಿಸ್ ನೋಡಬೇಕು. ಅಲ್ಲಿ 1970ರ ಜನವರಿ 1ರಂದು ನಗರವನ್ನೂ ಕೌಂಟಿಯನ್ನೂ ಒಂದುಗೂಡಿಸಿದರು. ಊರು ಒಂದೇ ದಿನದಲ್ಲಿ ಹಲವು ಪಟ್ಟು ಹಿಗ್ಗಿತು. ಇಂದು ಸುಮಾರು 935 ಚದರ ಕಿ.ಮೀ. ನಾಲ್ಕು ಸಣ್ಣ ಊರುಗಳು ಮಾತ್ರ ತಮ್ಮ ಪಾಡಿಗೆ ಉಳಿದವು. ಅವುಗಳಲ್ಲಿ ಒಂದರ ಹೆಸರು ಸ್ಪೀಡ್‌ವೇ. 1911ರಿಂದ ‘ಇಂಡಿಯಾನಾಪೊಲಿಸ್ 500’ ಕಾರು ಪಂದ್ಯ ನಡೆಯುವ ಎರಡೂವರೆ ಮೈಲಿಯ ಓಟದ ಹಾದಿ ಇರುವುದು ಆ ಊರಿನಲ್ಲಿ! ಜಗತ್ತೆಲ್ಲ ಇಂಡಿಯಾನಾಪೊಲಿಸ್ ಎಂದರೆ ಆ ಪಂದ್ಯ ಎನ್ನುತ್ತದೆ. ನಗರದ ಎಲ್ಲೆಯೊಳಗಿನ ಪಟ್ಟಿ ಮಾಡಿದರೆ ಅದನ್ನು ಬರೆಯುವಂತಿಲ್ಲ.

ಗೆರೆ ಜರುಗಿಸಿದರೆ ಬಹುಮಾನ ಜರುಗುತ್ತದೆ, ಹಾಗಾದರೆ ಇದೆಲ್ಲ ಬರೀ ಎಣಿಕೆಯ ಚಮತ್ಕಾರವೇ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ, ಡೆಟ್ರಾಯಿಟ್‌ನ ಸಂಗತಿ ಓದುವ ತನಕ.

ಡೆಟ್ರಾಯಿಟ್ ಮೋಟಾರು ಕಾರುಗಳ ಊರು. 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ಮಹಾನಗರ, 2020ರಲ್ಲಿ 6,39,111. ಈಗ ಅದೂ ನಡುಗಾತ್ರದ ಊರೇ. ಅಲ್ಲಿನ ಕಲಾ ಸಂಗ್ರಹಾಲಯದಲ್ಲಿ ವ್ಯಾನ್ ಗೋ ಚಿತ್ರಗಳಿವೆ, ಬ್ರೂಗೆಲ್‌ನ ಮದುವೆಯ ಕುಣಿತದ ಚಿತ್ರವಿದೆ, ಕಾರ್ಖಾನೆಯ ಕೆಲಸಗಾರರನ್ನು ಡಿಯೆಗೊ ರಿವೇರಾ ಗೋಡೆ ತುಂಬ ಬರೆದ 27 ಚಿತ್ರಗಳಿವೆ. 1919ರಿಂದ ಸಂಗ್ರಹಾಲಯ ನಗರಾಡಳಿತದ ಸ್ವತ್ತಾಗಿತ್ತು. ಊರು ದೊಡ್ಡದಿದ್ದಾಗ ಅದು ಹೆಮ್ಮೆ. ಜನ ಗೆರೆಯಾಚೆಗೆ ಹೋದಂತೆ ತೆರಿಗೆಯೂ ಆಚೆಗೆ ಹೋಯಿತು. ಚಿತ್ರಗಳೂ ಖರ್ಚೂ ಒಳಗೇ ಉಳಿದವು. 2013ರ ಜುಲೈನಲ್ಲಿ ಡೆಟ್ರಾಯಿಟ್ ನಗರ ದಿವಾಳಿ ಅರ್ಜಿ ಹಾಕಿತು.

ದಿವಾಳಿಯಾದವನ ಮನೆಗೆ ಸಾಲಗಾರರು ಬಂದರೆ ಏನನ್ನು ನೋಡುತ್ತಾರೆ? ಗೋಡೆಯ ಮೇಲಿನ ಚಿತ್ರಗಳನ್ನೂ ನೋಡುತ್ತಾರೆ. ನಗರದ ಹಣದಲ್ಲಿ ಕೊಂಡಿದ್ದ ಕೃತಿಗಳಿಗೆ ಬೆಲೆ ಕಟ್ಟಿದರು: 45 ಕೋಟಿಯಿಂದ 87 ಕೋಟಿ ಡಾಲರ್ ವರೆಗೆ. ಇನ್ನೊಂದು ಕಡೆ ನಗರದ ನಿವೃತ್ತ ನೌಕರರು ನಿಂತಿದ್ದರು, ಪಿಂಚಣಿ ನಂಬಿ ಬದುಕುತ್ತಿದ್ದವರು. ಚಿತ್ರ ಮಾರಿ ಪಿಂಚಣಿ ಕೊಡಿ ಎಂದರೆ ತಪ್ಪೇ? ನಿವೃತ್ತಿಗೆ ಕೆಲವೇ ವರ್ಷ ಉಳಿದಿರುವ ನನಗೆ ಇದು ಸುಲಭದ ಪ್ರಶ್ನೆಯಾಗಿ ಕಾಣಲಿಲ್ಲ. ಕೊನೆಗೆ ದತ್ತಿಸಂಸ್ಥೆಗಳು, ಮಿಷಿಗನ್ ರಾಜ್ಯ ಮತ್ತು ಸಂಗ್ರಹಾಲಯ ಸೇರಿ 80 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ವರ್ಷಗಳ ಕಂತಿನಲ್ಲಿ ಕೊಡುವುದಾಗಿ ಒಪ್ಪಿದವು. ಆ ಹಣ ಪಿಂಚಣಿಗೆ. ಸಂಗ್ರಹಾಲಯ ನಗರದ ಕೈಬಿಟ್ಟು ಲಾಭಕ್ಕಾಗಿ ನಡೆಸದ ಸಂಸ್ಥೆಯ ಸ್ವತ್ತಾಯಿತು. 2014ರ ನವೆಂಬರಿನಲ್ಲಿ ನ್ಯಾಯಾಲಯ ಒಪ್ಪಿತು. ಒಂದು ಚಿತ್ರವೂ ಮಾರಾಟವಾಗಲಿಲ್ಲ. ಪಿಂಚಣಿ ಪೂರ್ತಿ ಉಳಿಯಿತೆಂದಲ್ಲ. ಸಾಮಾನ್ಯ ನೌಕರರಿಗೆ ನೂರಕ್ಕೆ ನಾಲ್ಕೂವರೆಯಷ್ಟು ಖೋತಾ ಆಯಿತು.

ಇದೇ ಕಷ್ಟವನ್ನು ಸೇಂಟ್ ಲೂಯಿಸ್‌ನವರು ಮೊದಲೇ ಕಂಡಿದ್ದರು. ಉದ್ಯಾನ, ಮೃಗಾಲಯ ನೋಡಲು ಬರುವವರು ಕೌಂಟಿಯವರು. ಪ್ರಾಣಿಗಳಿಗೆ ಮೇವು ಹಾಕುವವರು ಮಾತ್ರ ಗೆರೆಯೊಳಗಿನವರು. ಇದು ಎಷ್ಟು ದಿನ ನಡೆದೀತು? 1971ರಲ್ಲಿ ನಗರ ಮತ್ತು ಕೌಂಟಿ ಎರಡೂ ಕಡೆಯ ಮತದಾರರು ಒಪ್ಪಿ, ಮೃಗಾಲಯ ಮತ್ತು ಸಂಗ್ರಹಾಲಯಗಳಿಗಾಗಿ ಒಂದು ಪ್ರತ್ಯೇಕ ತೆರಿಗೆ ಜಿಲ್ಲೆ ಮಾಡಿಕೊಂಡರು. 1876ರ ಗೆರೆಯನ್ನು ಅಳಿಸಲಿಲ್ಲ. ಅದರ ಮೇಲೆ ಇನ್ನೊಂದು ದೊಡ್ಡ ಗೆರೆ ಎಳೆದರು. ಎರಡೂ ಕಡೆಯವರು ಆಸ್ತಿ ತೆರಿಗೆಯಲ್ಲಿ ಒಂದು ಸಣ್ಣ ಪಾಲು ಕೊಡುತ್ತಾರೆ. ಆನೆ ನೋಡಲು ಟಿಕೆಟ್ಟಿಲ್ಲ ಎಂದೆನಲ್ಲ, ಕಾರಣ ಇದು. ಪಿಟ್ಸ್‌ಬರ್ಗ್‌ನವರು 1994ರಲ್ಲಿ ಬೇರೆ ದಾರಿ ಹಿಡಿದರು. ಇಡೀ ಕೌಂಟಿಯಲ್ಲಿ ನೂರಕ್ಕೆ ಒಂದರಂತೆ ಹೆಚ್ಚಿನ ಮಾರಾಟ ತೆರಿಗೆ. ಅದರಲ್ಲಿ ಅರ್ಧ ಉದ್ಯಾನ, ಗ್ರಂಥಾಲಯ, ಸಂಗ್ರಹಾಲಯಗಳಿಗೆ. ಡೆಟ್ರಾಯಿಟ್‌ನಲ್ಲೂ ಮೂರು ಕೌಂಟಿಗಳ ಜನ ಕಲಾ ಸಂಗ್ರಹಾಲಯಕ್ಕೆ ಆಸ್ತಿ ತೆರಿಗೆ ಕೊಡಲು 2012ರಲ್ಲಿ ಒಪ್ಪಿದ್ದರು. ಸೇಂಟ್ ಲೂಯಿಸ್‌ಗೆ ನಲವತ್ತೊಂದು ವರ್ಷ ತಡವಾಗಿ, ದಿವಾಳಿಗೆ ಒಂದೇ ವರ್ಷ ಮೊದಲು.

ಇದನ್ನೆಲ್ಲ ಕೇಳಿಕೊಂಡ ಹುಡುಗ ಭಾನುವಾರ ಚಿಕ್ಕಪ್ಪನಿಗೆ ಫೋನು ಮಾಡಿದನಂತೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ನನ್ನನ್ನು ಹುಡುಕಿಕೊಂಡು ಬಂದ.

“ಸರ್, ಚಿಕ್ಕಪ್ಪ ಇರೋದು ಸೇಂಟ್ ಲೂಯಿಸ್‌ನಲ್ಲೇ ಅಲ್ಲವಂತೆ! ಚೆಸ್ಟರ್‌ಫೀಲ್ಡ್ ಅಂತೆ, ಕೌಂಟಿಯಲ್ಲಿ. ಇಲ್ಲಿಯವರಿಗೆ ತಿಳಿಯಲಿ ಅಂತ ಹಾಗೆ ಹೇಳೋದಂತೆ. ಆದರೆ ಮನೆ ತೆರಿಗೆಯ ರಸೀದಿಯಲ್ಲಿ ಮೃಗಾಲಯದ್ದು ಅಂತ ಬೇರೆ ಸಾಲೇ ಬರುತ್ತಂತೆ. ಅದು ನಮ್ಮ ಮೃಗಾಲಯ ಕಣೋ, ಪಟ್ಟಿಯಿಂದ ತೆಗೀಬೇಡ ಅಂದರು.”

“ತೆಗೆದಿಲ್ಲವಲ್ಲಯ್ಯ, ಅದು ಎಲ್ಲೆಯ ಒಳಗೇ ಇದೆ” ಎಂದೆ.

“ಹೌದು ಸರ್, ಮೃಗಾಲಯ ಒಳಗಿದೆ. ಚಿಕ್ಕಪ್ಪನೇ ಹೊರಗಿರೋದು.”

ಅಂದು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ನನ್ನ ತಪ್ಪು ಹೇಳಿದೆ. ಮೊದಲ ಬಹುಮಾನ ಹುಡುಗಿಗೆ ಕೊಡಿಸಿದೆ. ಎಂಟಕ್ಕೆ ಒಂಬತ್ತು ಹೆಚ್ಚು ಎಂದಲ್ಲ, ಎಲ್ಲೆ ಯಾವುದೆಂದು ಕೇಳಿಕೊಂಡು ಎಣಿಸಿದವಳು ಅವಳೊಬ್ಬಳೇ ಎಂದು. ಹುಡುಗನಿಗೆ ಗೆರೆ ಯಾರು ಎಳೆದದ್ದು ಎಂದು ಕೇಳಿದ್ದಕ್ಕೆ ನನ್ನ ಕೈಯಿಂದಲೇ ಒಂದು ಪೆನ್ನು ಕೊಟ್ಟೆ. ಮುಖ್ಯೋಪಾಧ್ಯಾಯರು, “ಇಷ್ಟಕ್ಕೆಲ್ಲ ಸಭೆಯಲ್ಲಿ ಹೇಳಬೇಕಿತ್ತೇನ್ರೀ?” ಎಂದರು. ಬೇಕಿತ್ತು ಎಂದೆ.

ಎರಡೂ ಚಾರ್ಟುಗಳು ಈಗ ನಮ್ಮ ಪ್ರಯೋಗಾಲಯದ ಗೋಡೆಯ ಮೇಲಿವೆ. ಇಬ್ಬರೂ ಕೆಂಪು ಶಾಯಿಯಲ್ಲಿ ನಗರದ ಎಲ್ಲೆ ಎಳೆದಿದ್ದಾರೆ. ಹುಡುಗಿಯ ಚಾರ್ಟಿನಲ್ಲಿ ಗೆರೆಯ ಹೊರಗೆ ದೇವಸ್ಥಾನವೂ ರೇಸರ್ ರೈಲೂ ಬಂದಿವೆ. ಉತ್ತರ ದಡದ ಸುತ್ತ ಚುಕ್ಕಿಗೆರೆ ಎಳೆದು ‘ಅಲೆಘೆನಿ ನಗರ, 1907ರ ವರೆಗೆ’ ಎಂದು ಬರೆದಿದ್ದಾಳೆ. ಹುಡುಗನ ಚಾರ್ಟಿನಲ್ಲಿ ಕೆಂಪು ಗೆರೆಯ ಸುತ್ತ ಇನ್ನೊಂದು ದೊಡ್ಡ ಹಸಿರು ಗೆರೆಯಿದೆ, ತೆರಿಗೆಯದು. ಎರಡು ಗೆರೆಗಳ ನಡುವೆ ಒಂದು ಸಣ್ಣ ಮನೆಯ ಚಿತ್ರ. ಕೆಳಗೆ ‘ಚಿಕ್ಕಪ್ಪ’ ಎಂದು ಬರೆದಿದ್ದಾನೆ.